ಹೊಸ ಬ್ರೇಕ್ ಹಾಕಿದ ಮೇಲೆ ಪೆಡಲ್ ಯಾಕೆ ಮೆತ್ತಗೆ? ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ದೋಷ ಪತ್ತೆ

ದೊಡ್ಡ ಡಿಸ್ಕ್, ಬೇರೆ ಕಾರಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ), ಸ್ಟೀಲ್ ಹೆಣಿಗೆಯ ಹೋಸ್, ದುಬಾರಿ ಪ್ಯಾಡ್ ಎಲ್ಲ ಹಾಕಿ ಕಾರು ಗ್ಯಾರೇಜಿನಿಂದ ಹೊರಗೆ ಬಂದ ದಿನವೇ ಮಾತು ಬರುತ್ತದೆ: "ಇದಕ್ಕಿಂತ ಹಳೇ ಬ್ರೇಕೇ ವಾಸಿ ಇತ್ತು." ಸಾಮಾನು ಡೂಪ್ಲಿಕೇಟ್ ಎಂದು ತೀರ್ಮಾನಿಸಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ವಾಪಸ್ ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. ಹೊಸ ಸಾಮಾನೇ ಕೆಟ್ಟಿರುವುದು ಅಪರೂಪ. ಹೊಸದರ ಅಳತೆ ಹಳೆಯದಕ್ಕೆ ಹೊಂದಿರುವುದಿಲ್ಲ, ಇಲ್ಲವೇ ಕೂರಿಸುವಾಗ ಎಲ್ಲೋ ಒಂದು ಸಣ್ಣ ತಪ್ಪಾಗಿರುತ್ತದೆ. ಎರಡನ್ನೂ ಸ್ಪ್ಯಾನರ್ ಹಿಡಿಯುವ ಮುಂಚೆಯೇ ಬಹುಮಟ್ಟಿಗೆ ಗುರುತಿಸಬಹುದು.

ಇಲ್ಲಿ ಹೇಳಿರುವುದು ಸುಮಾರು 1,000 ಕಿಲೋ ತೂಕದ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ, ವ್ಯಾಕ್ಯೂಮ್ ಬೂಸ್ಟರ್ (ಎಂಜಿನ್ನಿನ ನಿರ್ವಾತದಿಂದ ಕಾಲಿನ ಬಲ ಹೆಚ್ಚಿಸುವ ಭಾಗ) ಇರುವ ಕಾರುಗಳಿಗೆ. ದಾವಣಗೆರೆ, ಚಿತ್ರದುರ್ಗದ ಕಡೆ ಈಗಲೂ ಜತನವಾಗಿ ಓಡಿಸುವ ಹಳೆಯ ಪಾಲಿಯೊ 1.6, ಐಕಾನ್ 1.6, ಸಿಟಿ ವಿಟೆಕ್ ಈ ಜಾತಿಯವು: ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾಲ್ಕೂ ಕಡೆ ಡಿಸ್ಕ್ ಇರುವ ಎಂಎಕ್ಸ್-5 ತರಹದ ಎರಡು ಸೀಟಿನ ಕಾರಿಗೂ ತತ್ವ ಒಂದೇ. ಎಬಿಎಸ್ ಇದ್ದರೆ ಗಾಳಿ ತೆಗೆಯುವ ಕ್ರಮವೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ದೊಡ್ಡ ಡಿಸ್ಕ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಒಂದೇ ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಾರನ್ನು ನಿಲ್ಲಿಸುವುದು ಟೈರು. ಹಳೆಯ ಬ್ರೇಕಿನಲ್ಲೇ ಚಕ್ರ ಲಾಕ್ ಆಗುತ್ತಿತ್ತು ಎಂದರೆ ಹೊಸ ಡಿಸ್ಕಿನಿಂದ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ದೊಡ್ಡ ಡಿಸ್ಕ್ ಕೊಡುವುದು ಬಿಸಿ ತಾಳುವ ಶಕ್ತಿಯನ್ನು. ಲೆಕ್ಕ ನೋಡಿ: 1,000 ಕಿಲೋ ಕಾರು 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 386 ಕಿಲೋಜೌಲ್ ಶಕ್ತಿ ಶಾಖವಾಗುತ್ತದೆ. ಅದರಲ್ಲಿ ನೂರಕ್ಕೆ 70 ಪಾಲು ಮುಂದಿನ ಎರಡು ಡಿಸ್ಕಿಗೆ ಹೋಯಿತು ಅನ್ನಿ. ಒಂದೊಂದು ಡಿಸ್ಕ್ 5 ಕಿಲೋ ಇದ್ದರೆ ಒಂದೊಂದು ನಿಲುಗಡೆಗೂ ಹತ್ತಿರಹತ್ತಿರ 60 ಡಿಗ್ರಿ ಏರುತ್ತದೆ; 7 ಕಿಲೋ ಇದ್ದರೆ 42 ಡಿಗ್ರಿ. ಆರೇಳು ಸಲ ಬೆನ್ನುಬೆನ್ನಿಗೆ ಹಿಡಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮನೆಯಿಂದ ಊರೊಳಗಿನ ಪಿ.ಬಿ. ರಸ್ತೆಗೆ ಹೋಗಿ ಬರುವವರಿಗೆ ಏನೂ ಕಾಣುವುದಿಲ್ಲ, ಅದು ದೋಷವೂ ಅಲ್ಲ.

ಬಿಚ್ಚುವ ಮುಂಚೆ, ಕಾಲಿನಲ್ಲಿ

ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ, ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಕಾಲಿಗೆ ಸಿಗುವುದು ಬ್ರೇಕ್ ಆಯಿಲಿನ ನಿಜವಾದ ಗುಣ.

ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಮೇಲೇರುತ್ತದೆಯೇ? ಮೇಲೇರಿದ ಪೆಡಲ್ ಸ್ಪಂಜಿನ ಹಾಗೆ ಇದ್ದರೆ ಗಾಳಿ ಇದೆ. ಮೇಲೇರಿ ಕಲ್ಲಿನ ಹಾಗೆ ನಿಂತರೆ ಗಾಳಿಯಲ್ಲ. ಎಲ್ಲೋ ಅಂತರ ಜಾಸ್ತಿ ಇದೆ, ಬಹುತೇಕ ಹಿಂದಿನ ಡ್ರಮ್ಮಿನಲ್ಲಿ. ಈ ಎರಡನ್ನು ಬೇರೆ ಮಾಡದೆ ಬರೀ ಬ್ಲೀಡಿಂಗ್ (ಗಾಳಿ ತೆಗೆಯುವುದು) ಮಾಡುತ್ತಾ ಲೀಟರುಗಟ್ಟಲೆ ಆಯಿಲ್ ಚೆಲ್ಲುವವರೇ ಹೆಚ್ಚು.

ಒಂದೇ ಒತ್ತಡದಲ್ಲಿ ಅರ್ಧ ನಿಮಿಷ ಹಿಡಿದಾಗ ಪೆಡಲ್ ಮೆಲ್ಲಗೆ ತಳ ಸೇರುತ್ತಿದ್ದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಪೆಡಲಿನ ಒತ್ತಿಗೆ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಸೀಲ್ ಹೋಗಿದೆ. ಪೆಡಲ್ ಮೇಲೆ ಕಾಲಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಒಂದು ಬೆರಳಷ್ಟು ಕೆಳಗಿಳಿದರೆ ಬೂಸ್ಟರ್ ಸರಿ. ಅಲುಗದಿದ್ದರೆ ವ್ಯಾಕ್ಯೂಮ್ ಪೈಪ್ ಮತ್ತು ಅದರ ಒಮ್ಮುಖ ವಾಲ್ವ್ ನೋಡಿ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಆಯಿಲಿನ ಕಡೆ ಹೋಗಲೇಬೇಡಿ, ಬೂಸ್ಟರ್ ಅಥವಾ ಪ್ಯಾಡ್ ನೋಡಿ.

ಮೆತ್ತನೆಯ ಪೆಡಲ್

ದೂರುಗಳಲ್ಲಿ ಮುಕ್ಕಾಲು ಪಾಲು ಇದೇ. ಮೊದಲು ಕೆಳಗೆ ಬಗ್ಗಿ ಕ್ಯಾಲಿಪರಿನಿಂದ ಗಾಳಿ ಬಿಡುವ ಬ್ಲೀಡರ್ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ತೀರಾ ಮೇಲಿನ ತುದಿಯಲ್ಲಿರಬೇಕು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಬೋಲ್ಟಾಗಿ ಕೂತರೆ ನಿಪ್ಪಲ್ ಕೆಳಗೆ, ಹೋಸ್ ಮೇಲೆ ಬರುತ್ತದೆ. ಗಾಳಿ ಮೇಲೆ ಗೂಡು ಕಟ್ಟಿಕೊಂಡು ಕೂರುತ್ತದೆ, ನಿಪ್ಪಲ್ಲಿನಿಂದ ಬರೀ ಶುದ್ಧ ಆಯಿಲ್ ಬರುತ್ತದೆ. ಬ್ಲೀಡ್ ಮಾಡಿದವರು "ಒಂದು ಗುಳ್ಳೆ ಇಲ್ಲ" ಎಂದು ಆಣೆ ಮಾಡಿ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಬೇರೆ ಕಾರಿನ ಕ್ಯಾಲಿಪರ್ ಹಾಕಿದಾಗ, ಅದರಲ್ಲೂ ಬ್ರಾಕೆಟ್ಟನ್ನು ಚಕ್ರದ ಹಿಂಬದಿಯಿಂದ ಮುಂಬದಿಗೆ ಬದಲಿಸಿದಾಗ, ಇದು ಮತ್ತೆ ಮತ್ತೆ ಆಗುವ ತಪ್ಪು.

ನಿಪ್ಪಲ್ ಮೇಲೇ ಇದ್ದರೆ ಆಮೇಲೆ ನೋಡಬೇಕಾದ್ದು ಹಿಂದಿನ ಡ್ರಮ್. ಮುಂದಿನ ಬ್ರೇಕಿನ ಮೇಲೆ ಸಾವಿರಗಟ್ಟಲೆ ಸುರಿದು, ಹಿಂದಿನ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತುವ ಪಟ್ಟಿ) ಸವೆದು ಅಂತರ ಹೆಚ್ಚಿರುವುದನ್ನು ಯಾರೂ ನೋಡಿರುವುದಿಲ್ಲ. ಡ್ರಮ್ ಕಳಚಿ, ಅಡ್ಜಸ್ಟರಿನ ಹಲ್ಲುಗಾಲಿ ಕೈಯಲ್ಲಿ ತಿರುಗುತ್ತದೆಯೇ ನೋಡಿ. ನಮ್ಮ ಕಡೆಯ ಕೆಂಪು ಧೂಳು ಅದರ ಥ್ರೆಡ್ಡಿನಲ್ಲಿ ಗಟ್ಟಿಯಾಗಿ ಕೂತು ಜಾಮ್ ಆಗಿರುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಬಿಟ್ಟು, ಡ್ರಮ್ ಹಾಕಿ ತಿರುಗಿಸಿದಾಗ ಶೂ ಸಣ್ಣಗೆ ತಾಗುವ ಸದ್ದು ಬರುವವರೆಗೆ ಅಡ್ಜಸ್ಟ್ ಮಾಡಿ. ಕೇಬಲ್ ಬಿಗಿ ಮಾಡುವುದು ಕೊನೆಗೆ. ಮೊದಲೇ ಕೇಬಲ್ ಎಳೆದರೆ ಲಿವರ್ ಮೇಲೆ ಬಂದು ಅಡ್ಜಸ್ಟರ್ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಏರ್ ಹೊಡೆದು ಊದಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಇವೆರಡೂ ಸರಿಯಿದ್ದು ಪೆಡಲ್ ಗಟ್ಟಿಯಾಗಿದ್ದರೂ ತೀರಾ ಕೆಳಗೆ ಹೋಗಿ ಹಿಡಿಯುತ್ತಿದ್ದರೆ ಅದು ಅಳತೆಯ ದೋಷ. ಹಳೆಯ ಕ್ಯಾಲಿಪರಿನ ಪಿಸ್ಟನ್ 48 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 18.1 ಚದರ ಸೆಂ.ಮೀ. ಹೊಸದು 54 ಮಿ.ಮೀ. ಆದರೆ 22.9. ಅಂದರೆ ಮುಂದಿನ ಬ್ರೇಕಿಗೆ ಅದೇ ಅಂತರ ತುಂಬಲು ಸುಮಾರು 27 ಪರ್ಸೆಂಟ್ ಜಾಸ್ತಿ ಆಯಿಲ್ ಬೇಕು. ಅದನ್ನು ಕೊಡಬೇಕಾದ ಮಾಸ್ಟರ್ ಸಿಲಿಂಡರ್ ಹಳೆಯದೇ. ಬ್ಲೀಡಿಂಗ್ ನೂರು ಸಲ ಮಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದವರು ಅಳೆಯುವಾಗ ಒಂದು ಪಕ್ಕದ ಎರಡು ಪಿಸ್ಟನ್ ಮಾತ್ರ ಎಣಿಸಬೇಕು. ಪಿನ್ ಮೇಲೆ ಜಾರುವ, ಒಂಟಿ ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಒಂದೇ ಪಿಸ್ಟನ್ ಎರಡೂ ಪ್ಯಾಡಿನ ಅಂತರ ತುಂಬುತ್ತದೆ, ಹಾಗಾಗಿ ಹೋಲಿಕೆ ಸರಿಯಾಗುವುದು ಹೀಗೆ. 38 ಮಿ.ಮೀ.ಯ ಎರಡು ಪಿಸ್ಟನ್ ಎಂದರೆ 22.7 ಚದರ ಸೆಂ.ಮೀ., 54ರ ಒಂಟಿ ಪಿಸ್ಟನ್ನಿಗೆ ಹೆಚ್ಚುಕಡಿಮೆ ಸಮ. ನಾಲ್ಕು ಪಿಸ್ಟನ್ ಎಂದ ಮಾತ್ರಕ್ಕೆ ಹಿಡಿತ ದುಪ್ಪಟ್ಟಾಗುವುದಿಲ್ಲ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಕೆಂಪಗೆ ಚೆನ್ನಾಗಿ ಕಾಣುತ್ತದೆ, ಅದು ಬೇರೆ ಮಾತು.

ಮಾಸ್ಟರ್ ಸಿಲಿಂಡರಿನ ಮೈಮೇಲೆ ಅಳತೆ ಸಾಮಾನ್ಯವಾಗಿ ಎರಕದಲ್ಲೇ ಇರುತ್ತದೆ: 13/16 ಇಂಚು (20.64 ಮಿ.ಮೀ.), 7/8 (22.22), 15/16 (23.81). 7/8ರಿಂದ 15/16ಕ್ಕೆ ಹೋದರೆ ಒಂದೊಂದು ಮಿಲಿಮೀಟರ್ ಓಟಕ್ಕೂ 15 ಪರ್ಸೆಂಟ್ ಜಾಸ್ತಿ ಆಯಿಲ್ ಹೋಗುತ್ತದೆ, ಪೆಡಲ್ ಮೇಲೆ ನಿಲ್ಲುತ್ತದೆ. ಬದಲಿಗೆ ಅಷ್ಟೇ ಒತ್ತಡ ತರಲು ಕಾಲು 15 ಪರ್ಸೆಂಟ್ ಜಾಸ್ತಿ ಬಲ ಹಾಕಬೇಕು. ಒಮ್ಮೆಗೆ ಒಂದು ಮೆಟ್ಟಿಲು ಮಾತ್ರ ಏರಿ. ಎರಡು ಮೆಟ್ಟಿಲು ಹಾರಿ ಪೆಡಲ್ ಮರದ ಕೊರಡಿನಂತಾದರೆ "ಬ್ರೇಕೇ ಹಿಡೀತಿಲ್ಲ" ಎಂಬ ಹೊಸ ದೂರು ಬರುತ್ತದೆ. ಕೊಳ್ಳುವ ಮುಂಚೆಯೇ ಪಿಸ್ಟನ್ ಅಳೆದು, ಹಳೆಯದಕ್ಕೆ ಹತ್ತಿರದ ವಿಸ್ತೀರ್ಣದ ಕ್ಯಾಲಿಪರನ್ನೇ ಆರಿಸಿದರೆ ಈ ತಾಪತ್ರಯವೇ ಇಲ್ಲ. ಕಂಪನಿಯೇ ಅದೇ ಮಾದರಿಯ ಮೇಲಿನ ಎಂಜಿನ್ನಿಗೆ ಕೊಟ್ಟ ಬ್ರೇಕ್ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ 1.6ರ ಮುಂದಿನ ಡಿಸ್ಕ್ 235 ಮಿ.ಮೀ., 1994ರಲ್ಲಿ ಬಂದ 1.8ರದ್ದು 255 ಮಿ.ಮೀ. ಅಂಥ ಬದಲಾವಣೆಯಲ್ಲಿ ತಲೆಬಿಸಿ ಕಡಿಮೆ.

ಗಾಳಿ ತೆಗೆಯುವುದು

ಸೀಲ್ ಒಡೆಯದ ಒಂದು ಲೀಟರ್ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, 5 ಮಿ.ಮೀ. ಒಳಅಳತೆಯ ಪಾರದರ್ಶಕ ಪೈಪು, ಒಂದು ಬಾಟಲಿ, ನಿಪ್ಪಲ್ಲಿಗೆ ಸರಿಯಾದ ರಿಂಗ್ ಸ್ಪ್ಯಾನರ್. ಓಪನ್ ಸ್ಪ್ಯಾನರ್ ಹಾಕಿದರೆ ನಿಪ್ಪಲ್ಲಿನ ಮೂಲೆ ಸವೆದು ಹೋಗುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸೈಜುಗಲ್ಲಿನ ಮೇಲೆ ಬೇಡ, ಅದು ಭಾರಕ್ಕೆ ಹೇಳದೆ ಕೇಳದೆ ಸೀಳುತ್ತದೆ.

ಮುಂದೆ ಒಂದು, ಹಿಂದೆ ಒಂದು ಎಂದು ಲೈನ್ ಇರುವ ಕಾರಿನಲ್ಲಿ ಮಾಸ್ಟರ್‌ನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಲೈನ್ ಅಡ್ಡಡ್ಡ ಇರುತ್ತದೆ, ಮುಂದಿನ ಒಂದು ಚಕ್ರಕ್ಕೆ ಹಿಂದಿನ ಎದುರು ಪಕ್ಕದ್ದು ಜೋಡಿ. ಅವಕ್ಕೆ ಕಂಪನಿಯ ಮ್ಯಾನ್ಯುಯಲ್ಲಿನ ಕ್ರಮವೇ ಸರಿ.

ಪೆಡಲ್ ಕೆಳಗೆ 25 ಮಿ.ಮೀ. ದಪ್ಪದ ಮರದ ತುಂಡು ಇಡಿ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಸೀಲ್ ದಿನಾ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆ ತುಕ್ಕು, ಜಿಡ್ಡು. ಬ್ಲೀಡಿಂಗ್ ಮಾಡುವಾಗ ಪೆಡಲನ್ನು ತಳದವರೆಗೆ ತುಳಿದರೆ ಸೀಲ್ ಆ ಒರಟು ಜಾಗಕ್ಕೆ ಹೋಗಿ ಗೀರಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಾಸ್ಟರ್ ಸಂಜೆಗೆ ಕೂರುವುದು ಹೀಗೆ.

ಕೆಳಗಿರುವವರು "ಒತ್ತಣ್ಣ" ಎಂದಾಗ ಒತ್ತಬೇಕು, "ಹಿಡ್ಕೋ" ಎಂದಾಗ ನಿಪ್ಪಲ್ ಬಿಚ್ಚುತ್ತಿದ್ದಾರೆ ಎಂದರ್ಥ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿ "ಬಿಡು" ಎನ್ನುವವರೆಗೆ ಕಾಲೆತ್ತಬಾರದು. ಮುಂಚೆ ಎತ್ತಿದರೆ ತೆಗೆದ ಗಾಳಿ ಥ್ರೆಡ್ಡಿನಿಂದ ಮತ್ತೆ ಒಳಗೆ. ಒಂದೊಂದು ಕ್ಯಾಲಿಪರಿಗೆ 150ರಿಂದ 200 ಮಿ.ಲೀ. ಹೊರಗೆ ಬರಲಿ, ಐದಾರು ಒತ್ತಿಗೊಮ್ಮೆ ಮೇಲಿನ ಡಬ್ಬಿ ತುಂಬಿಸಿ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿಯಿರಿ.

ಇಷ್ಟಾದ ಮೇಲೂ ಸ್ಪಂಜಿನಂತಿದ್ದರೆ ಮಾಸ್ಟರ್ ಸಿಲಿಂಡರಿನ ಪೈಪುಗಳನ್ನು ಬಿಚ್ಚಿ, ಸರಿಯಾದ ಥ್ರೆಡ್ಡಿನ ಡಮ್ಮಿ ಬೋಲ್ಟಿನಿಂದ ಬಾಯಿ ಮುಚ್ಚಿ ಪೆಡಲ್ ಒತ್ತಿ. ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿ, ದೋಷ ಕೆಳಗಿದೆ. ಆಮೇಲೆ ಒಂದೊಂದೇ ಲೈನ್ ಜೋಡಿಸುತ್ತಾ ಹೋದರೆ ಯಾವ ಚಕ್ರದಲ್ಲಿ ಪೆಡಲ್ ಕುಸಿಯಿತೋ ಅಲ್ಲಿ ಸಿಕ್ಕಿಬೀಳುತ್ತದೆ. ಸ್ಟೀಲ್ ಹೆಣಿಗೆಯ ಹೋಸನ್ನು ಕ್ಲ್ಯಾಂಪ್ ಹಾಕಿ ಹಿಸುಕಿ ಪರೀಕ್ಷೆ ಮಾಡಬೇಡಿ, ಒಳಪೈಪ್ ಮುರಿಯುತ್ತದೆ. ಎಂ10 ಥ್ರೆಡ್ಡಿಗೂ 3/8 ಇಂಚಿನ ಥ್ರೆಡ್ಡಿಗೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ (10 ಮತ್ತು 9.53 ಮಿ.ಮೀ.), ವರ್ನಿಯರ್ ಇಟ್ಟು ನೋಡಿ. ಹೋಸನ್ನು ಕ್ಯಾಲಿಪರಿಗೆ ಕೂಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಎರಡೂ ಕಡೆ ಹೊಸದೇ ಆಗಬೇಕು.

ಹಿಡಿದದ್ದು ಬಿಡುವುದಿಲ್ಲ

ಐದಾರು ಕಿಲೋಮೀಟರ್ ಓಡಿಸಿ, ಚಕ್ರ ಮುಟ್ಟುವ ಬದಲು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನಾಲ್ಕೂ ಕಡೆಯ ಡಿಸ್ಕ್ ಅಥವಾ ಡ್ರಮ್ಮಿನ ಬಿಸಿ ನೋಡಿ. ಒಂದೇ ಚಕ್ರ ಬಿಸಿಯೋ, ನಾಲ್ಕೂ ಬಿಸಿಯೋ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

ಒಂದೇ ಚಕ್ರವಾದರೆ ಅದನ್ನು ಎತ್ತಿ, ನಿಪ್ಪಲ್ ಕಾಲು ಸುತ್ತು ಬಿಚ್ಚಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಬದಲಿಸದೆ ಉಳಿಸಿದ ಹಳೆಯ ರಬ್ಬರ್ ಹೋಸ್ ಒಳಗೆ ಊದಿಕೊಂಡು ಒಮ್ಮುಖ ವಾಲ್ವಿನಂತಾಗಿರುತ್ತದೆ. ಬಿಚ್ಚಿದರೂ ಬಿಡದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಜಾಮ್. ಪಿನ್ನಿಗೆ ಮಾಮೂಲಿ ಬೇರಿಂಗ್ ಗ್ರೀಸ್ ತುಂಬಿದ್ದರೆ ಅದೇ ಕಾರಣ: ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ, ಪಿನ್ ಕಚ್ಚಿಕೊಳ್ಳುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಮಾತ್ರ ಹಾಕಿ. ಎರಡು ಪಿನ್ನಿನಲ್ಲಿ ಒಂದಕ್ಕೆ ರಬ್ಬರ್ ಬುಷ್ ಇದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಬಿಚ್ಚುವಾಗಲೇ ಫೋಟೊ ಹೊಡೆದಿಟ್ಟುಕೊಳ್ಳಿ.

ನಾಲ್ಕೂ ಬಿಸಿಯಾದರೆ, ಹೊಸ ಮಾಸ್ಟರ್ ಹಾಕಿದ್ದರೆ, ಅದನ್ನು ತಳ್ಳುವ ಬೂಸ್ಟರಿನ ಪುಶ್‌ರಾಡ್ ಉದ್ದವಾಗಿದೆ. ಪೆಡಲ್ ಬಿಟ್ಟರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚೇ ಇರುತ್ತದೆ. ಓಡಿದಷ್ಟೂ ಆಯಿಲ್ ಬಿಸಿಯಾಗಿ ಹಿಗ್ಗಿ ಬ್ರೇಕ್ ತಾನೇ ಬಿಗಿಯುತ್ತದೆ. ಪರೀಕ್ಷೆ ಸುಲಭ: ಹಿಡಿದಿರುವಾಗಲೇ ಮಾಸ್ಟರಿನ ಎರಡು ನಟ್ ಸಡಿಲಿಸಿ ಮುಂದಕ್ಕೆ ಎರಡು ಮೂರು ಮಿ.ಮೀ. ಎಳೆಯಿರಿ. ಚಕ್ರ ಬಿಟ್ಟರೆ ರಾಡನ್ನು ಗಿಡ್ಡ ಮಾಡಿ. ಹಿಂದೆ ಡ್ರಮ್ ತೆಗೆದು ಡಿಸ್ಕ್ ಹಾಕಿದ್ದು, ಹಿಂದಿನವೆರಡೇ ಬಿಸಿಯಾಗುತ್ತಿದ್ದರೆ, ಹಳೆಯ ಮಾಸ್ಟರಿನ ಬಾಯಲ್ಲಿ ಡ್ರಮ್ಮಿಗೆಂದು ಇಟ್ಟ ಒತ್ತಡ ಉಳಿಸುವ ವಾಲ್ವ್ ಇದೆಯೇ ನೋಡಿ. ಅದು ಡಿಸ್ಕಿಗೆ ಕೂಡದು.

ಎಳೆತ, ನಡುಕ

ಬ್ರೇಕ್ ಒತ್ತಿದಾಗ ಕಾರು, ಬ್ರೇಕ್ ಸರಿಯಾಗಿ ಹಿಡಿಯುತ್ತಿರುವ ಪಕ್ಕಕ್ಕೆ ಎಳೆಯುತ್ತದೆ. ಎಡಕ್ಕೆ ಎಳೆದರೆ ದೋಷ ಬಲದಲ್ಲಿ. ಟೈರಿನ ಗಾಳಿ ನೋಡಿ, ಆಮೇಲೆ ಪಿನ್, ಆಮೇಲೆ ಪ್ಯಾಡಿಗೆ ಎಣ್ಣೆ ಕೈ ತಾಗಿದೆಯೇ ನೋಡಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಲ್ಲೇ ತೊಳೆಯಬೇಕು, ಡೀಸೆಲ್ ಅದ್ದಿದ ಬಟ್ಟೆಯಲ್ಲಲ್ಲ.

ನಡುಕಕ್ಕೆ "ಡಿಸ್ಕ್ ಸೊಟ್ಟಗಾಗಿದೆ" ಎನ್ನುವುದು ರೂಢಿ. ನಿಜದಲ್ಲಿ ಡಿಸ್ಕ್ ಸೊಟ್ಟಗಾಗುವುದಕ್ಕಿಂತ ಸೊಟ್ಟಗೆ ಕೂರುವುದೇ ಹೆಚ್ಚು. ಡಿಸ್ಕ್ ಕೂರುವ ಹಬ್ಬಿನ ಮುಖದ ಮೇಲೆ 0.05 ಮಿ.ಮೀ. ತುಕ್ಕಿನ ಚಕ್ಕೆ ಇದ್ದರೆ ಡಿಸ್ಕಿನ ಅಂಚಿಗೆ ಹೋಗುವಷ್ಟರಲ್ಲಿ ಅದು 0.1 ಆಗಿರುತ್ತದೆ. ಹಬ್ಬನ್ನು ವೈರ್ ಬ್ರಶ್ಶು, ಎಮರಿಯಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ. ಎಲ್ಲ ನಟ್‌ಗಳನ್ನೂ ವಾಷರ್ ಇಟ್ಟು ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ, ಡಿಸ್ಕಿನ ಅಲುಗಾಟ ಅಳೆಯುವ ಡಯಲ್ ಗೇಜ್ ಇಡಿ. ಗ್ಯಾರೇಜಿನಲ್ಲಿ ಇಲ್ಲದಿದ್ದರೆ ಹರಿಹರದ ಲೇತ್ ಅಂಗಡಿಯವರಲ್ಲಿ ಸಿಗುತ್ತದೆ. 0.05ರೊಳಗಿದ್ದರೆ ಒಳ್ಳೆಯದು, 0.10 ದಾಟಿದರೆ ಡಿಸ್ಕನ್ನು ಒಂದು ಬೋಲ್ಟ್ ತೂತು ತಿರುಗಿಸಿ ಮತ್ತೆ ಅಳೆಯಿರಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಗೇಜ್ ಸರಿ ತೋರಿಸಿಯೂ ನಡುಗಿದರೆ ಪ್ಯಾಡಿನ ಮಸಾಲೆ ಡಿಸ್ಕಿನ ಮೇಲೆ ತೇಪೆತೇಪೆಯಾಗಿ ಅಂಟಿದೆ. ಹೊಸ ಪ್ಯಾಡ್ ಪಳಗಿಸದೆ ಜೋರಾಗಿ ಹಿಡಿದು, ಬಿಸಿ ಡಿಸ್ಕಿನ ಮೇಲೆ ಕಾಲೊತ್ತಿ ನಿಂತರೆ ಹೀಗಾಗುತ್ತದೆ. ಪಳಗಿಸುವ ಕ್ರಮ: 60ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸುವುದು. ಹೆದ್ದಾರಿ 48ರ ಸರ್ವಿಸ್ ರಸ್ತೆ ನಸುಕಿನಲ್ಲಿ ಇದಕ್ಕೆ ಅನುಕೂಲ, ಆದರೆ ಸುಗ್ಗಿಯಲ್ಲಿ ಬೇಡ. ಮೆಕ್ಕೆಜೋಳ ಒಣಹಾಕಿರುತ್ತಾರೆ, ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಕಾರು ಜಾರುಬಂಡೆ. ಚಿತ್ರದುರ್ಗದವರು ಮೊದಲ ಪರೀಕ್ಷೆಗೇ ಜೋಗಿಮಟ್ಟಿಯ ತಿರುವುಗಳಿಗೆ ಹೋಗುವುದೂ ಬೇಡ.

ಹಿಂದಿನ ಚಕ್ರ ಮೊದಲು ಲಾಕ್ ಆದರೆ

ಉಳಿದ ದೋಷಗಳಲ್ಲಿ ಕಾರು ಸರಿಯಾಗಿ ನಿಲ್ಲುವುದಿಲ್ಲ, ಇದರಲ್ಲಿ ತಿರುಗಿ ನಿಲ್ಲುತ್ತದೆ. ಖಾಲಿ ಮೈದಾನದಲ್ಲಿ, ಒದ್ದೆ ನೆಲದ ಮೇಲೆ 30 ಕಿ.ಮೀ. ವೇಗದಲ್ಲಿ ಒತ್ತಿ, ಹೊರಗೆ ನಿಂತವರು ಯಾವ ಚಕ್ರ ಮೊದಲು ನಿಂತಿತು ಎಂದು ನೋಡಲಿ. ಮುಂದಿನದೇ ಮೊದಲು ನಿಲ್ಲಬೇಕು. ಹಿಂದಿನದು ನಿಂತರೆ ಹಿಂದೆ ಹಾಕಿದ ಡಿಸ್ಕ್ ಅತಿಯಾಯಿತು. ಪಿಸ್ಟನ್ ಚಿಕ್ಕದಿರುವ ಕ್ಯಾಲಿಪರ್ ಅಥವಾ ಹಿಂದಿನ ಲೈನಿನ ಒತ್ತಡ ತಗ್ಗಿಸುವ ಸರಿಯಾದ ಪ್ರಪೋರ್ಷನಿಂಗ್ ವಾಲ್ವ್ ಬೇಕು. ಅದು ಸಿಗುವವರೆಗೆ ಕಾರು ನಿಲ್ಲಿಸಿಡಿ. ಹ್ಯಾಂಡ್‌ಬ್ರೇಕ್ ಇರುವ ಹಿಂದಿನ ಕ್ಯಾಲಿಪರಿನ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಲ್ಲಿ ಒತ್ತಿ ಕೂರಿಸಿದ್ದರೆ ಒಳಗಿನ ಸ್ಕ್ರೂ ಹಾಳಾಗಿರುತ್ತದೆ. ಸಾಮಾನ್ಯವಾಗಿ ಅದನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು.

ಬಿಸಿಯಾದ ಮೇಲೆ ಕೈಕೊಟ್ಟರೆ

ಪೆಡಲ್ ಗಟ್ಟಿ, ಸುಟ್ಟ ವಾಸನೆ, ಕಾರು ನಿಲ್ಲದು: ಪ್ಯಾಡ್ ಬಿಸಿ ತಾಳಿಲ್ಲ. ಪೆಡಲ್ ಇದ್ದಕ್ಕಿದ್ದಂತೆ ತಳಕ್ಕೆ ಹೋಯಿತು, ತಣ್ಣಗಾದ ಮೇಲೆ ಮರಳಿತು: ಆಯಿಲ್ ಕುದಿದಿದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಾಳಬೇಕು, ನೀರಿನಂಶ ಹೀರಿದ ಮೇಲಿನ ಮಿತಿ 155. ಡಾಟ್ 5.1ಕ್ಕೆ ಇದೇ 260 ಮತ್ತು 180. ಡಾಟ್ 5 ಎಂಬುದು ಸಿಲಿಕೋನ್, ಹೆಸರು ಹತ್ತಿರ ಎಂದು ಬೆರೆಸಬೇಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ; ಅಂಗಡಿಯ ಕಪಾಟಿನಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿ ಎಷ್ಟು ಅಗ್ಗ ಕೊಟ್ಟರೂ ಬೇಡ.

ಸದ್ದುಗಳು ಹೆಚ್ಚಾಗಿ ನಿರುಪದ್ರವಿ. ಸುತ್ತಿಗೊಮ್ಮೆ ಟಿಕ್ ಎಂದರೆ ಚಕ್ರದೊಳಗೆ ಅಂಟಿಸಿದ ಬ್ಯಾಲೆನ್ಸ್ ತೂಕ ಕ್ಯಾಲಿಪರಿಗೆ ತಾಗುತ್ತಿದೆ, ಅಲ್ಲಿ 3 ಮಿ.ಮೀ. ಜಾಗವಾದರೂ ಬೇಕು. ಎಡೆಬಿಡದ ಸರಸರ ಎಂದರೆ ಡಿಸ್ಕ್ ಹಿಂದಿನ ತಗಡು, ಕೈಯಲ್ಲೇ ಬಗ್ಗಿಸಿ.

ಮೊದಲ 100 ಕಿ.ಮೀ. ಆದ ಮೇಲೆ ಹೋಸ್ ನೋಡುವುದು ತಪ್ಪಿಸಬೇಡಿ. ಹೊಸ ಹೋಸಿಗೆ ಉದ್ದಕ್ಕೂ ಸೀಮೆಸುಣ್ಣ ಬಳಿದು, ಸ್ಟೀರಿಂಗನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸುತ್ತಾ, ಹಂಪ್ ಹತ್ತಿಸಿ ಇಳಿಸಿ ಒಂದು ಸುತ್ತು ಹೋಗಿ ಬನ್ನಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಹೋಸ್ ಉಜ್ಜುತ್ತಿದೆ. ಬ್ಯಾಂಜೋ ಸಡಿಲಿಸಿ ಹೋಸಿನ ಕೋನ ಬದಲಿಸಿ, ವಾಷರ್ ಹೊಸದು ಹಾಕಿ, ಆ ಚಕ್ರ ಇನ್ನೊಮ್ಮೆ ಬ್ಲೀಡ್ ಮಾಡಿ.